ಹದ್ದು ನೋಡಲು ಬಂಡೆ ಏರಿದ್ದು

ಇಳಿಯುವ ದಾರಿ ತಿಳಿಯದೆ ಏರುವುದು ಮನುಷ್ಯನ ಸಹಜ ದೌರ್ಬಲ್ಯವೆಂದು ಹೇಳಿ, ಇಡೀ ಮನುಕುಲವನ್ನು ನನ್ನ ಜೊತೆಗೆ ಸೇರಿಸಿಕೊಳ್ಳಬಹುದಿತ್ತು. ಆದರೆ ಆಧಾರವಿಲ್ಲದ ಸಾಮಾನ್ಯೀಕರಣ ನಿವೃತ್ತ ಸಂಶೋಧಕನಿಗೆ ಶೋಭಿಸದು. ಆದ್ದರಿಂದ ನನ್ನೊಬ್ಬನ ಭಯವನ್ನಷ್ಟೇ ನಿವೇದಿಸುತ್ತೇನೆ: ಎತ್ತರದಿಂದ ಕೆಳಗೆ ನೋಡುವುದು ನನ್ನಿಂದಾಗದು.

ತೊಂಬತ್ತರ ದಶಕದ ಕೊನೆಯ ಮಾತು. ತಿಂಗಳು ನವೆಂಬರ್ ಎಂದು ನಾನು, ಡಿಸೆಂಬರ್ ಎಂದು ನನ್ನ ಹೆಂಡತಿ ಗಿರಿಜಾ. ಆಗ ತೆಗೆದ ಫೋಟೊದ ಮೂಲೆಯಲ್ಲಿ ಮೂಡಿರುವ ಕೆಂಪು ತಾರೀಖು, ದುರದೃಷ್ಟವಶಾತ್, ಅವಳ ಪರವಾಗಿದೆ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಬೇಟೆಹಕ್ಕಿಗಳನ್ನು ನೋಡಲು ಪ್ರವಾಸಿಗರು ಆಗಷ್ಟೇ ಬಂಡೆಗುಡ್ಡಗಳ ನಮ್ಮ ಗುಡೇಕೋಟೆಯ ಕಡೆಗೆ ಸುಳಿಯತೊಡಗಿದ್ದರು. ಕೂಡ್ಲಿಗಿಯ ಮೆಕ್ಯಾನಿಕ್ ಖಾಸಿಂಸಾಬ್ ತನ್ನ ಜೀಪಿನಲ್ಲಿ ಅವರನ್ನು ಕರೆತರುತ್ತಿದ್ದ. ದೂರದೇಶದ ಹುಲ್ಲುಗಾವಲ ಹದ್ದು ಇಲ್ಲಿಗೂ ಬರುತ್ತದೆಂದು ಅವನು ಹೇಳಿದಾಗಲೆಲ್ಲ ನಾನು, “ಸ್ವತಃ ಕಾಣದೆ ಒಪ್ಪಲಾರೆ” ಎನ್ನುತ್ತಿದ್ದೆ. ಸಾಯುವುದರೊಳಗೆ ಒಮ್ಮೆ ಅದನ್ನು ಕಾಣಬೇಕೆಂಬ ಆಸೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆ ದಿನ ಪ್ರವಾಸಿಗರ ಜೊತೆ ನಾವಿಬ್ಬರೂ ಹೋದೆವು. ನಾನು ಆಕಾಶವನ್ನೇ ನೋಡುತ್ತ ಬಂಡೆಯಿಂದ ಬಂಡೆಗೆ ಏರಿದೆ. ಹದ್ದು ಕಾಣಲಿಲ್ಲ, ದುರ್ಬೀನು ಇಳಿಸಿದಾಗ ಪಾತಾಳ ಕಂಡಿತು. ಜೀಪು ಬೆಂಕಿಪೊಟ್ಟಣದಷ್ಟಿತ್ತು. ಕುಸಿದು ಕುಳಿತವನಿಗೆ ಮತ್ತೆ ಏಳಲಾಗಲಿಲ್ಲ.

“ಇಳೀರಿ ಸಾರ್, ಹೊತ್ತು ಮುಳುಗಾಕ ಹತ್ತೈತಿ,” ಕೆಳಗಿನಿಂದ ಖಾಸಿಂಸಾಬ್ ಕೂಗಿದ. “ಕತ್ತಲಾದ್ರ ಗವಿಯಾಗಿಂದ ಕರಡಿ ಹೊರಗ ಬರ್ತೈತ್ರಿ.”

“ಯಾವ ಗವಿ?”

“ನಿಮ್ಮ ಕಾಲಬುಡಕ ಐತಲ್ಲ, ಅದರೀ.”

ಬಂಡೆಯ ಬಿರುಕಿನಿಂದ ಭಾರವಾದ ಉಸಿರು ಕೇಳಿಸಿತು. ನನ್ನದೇ ಇರಬಹುದು, ಪರಿಶೀಲಿಸುವ ಧೈರ್ಯವಾಗಲಿಲ್ಲ. ಕೊನೆಗೆ ಗಿರಿಜಾಳೇ ಹತ್ತಿ ಬಂದಳು. “ಕಣ್ಣು ಮುಚ್ಚಿ, ನನ್ನ ಸೆರಗು ಹಿಡ್ಕೊಂಡು, ಕುಂತಕೊಂಡೇ ಜಾರ್ರಿ. ನಾ ಹೇಳೋತನಕ ಕಣ್ಣು ತೆಗೀಬ್ಯಾಡ್ರಿ.”

“ಕರಡಿ?”

“ನಿಮ್ಮ ಮಾರಿ ನೋಡಿದ್ರ ಅದೂ ಹೆದರ್ತೈತಿ. ಇಳೀರಿ.”

ಜಾರಿದೆ. ಅರ್ಧ ದಾರಿಯಲ್ಲಿ ತಲೆಯ ಮೇಲೆ ಬೀಸಣಿಗೆ ಬೀಸಿದಂತೆ ಗಾಳಿ ಸುಳಿಯಿತು. ಕೆಳಗೆ ಪ್ರವಾಸಿಗರು ಹೋ ಎಂದರು. ಕರಡಿಯೇ ಬಂತೆಂದು ಕಣ್ಣುಗಳನ್ನು ಇನ್ನಷ್ಟು ಬಿಗಿದೆ. “ಅಯ್ಯೋ, ಈಗರ ಕಣ್ಣು ತೆಗೀರಿ!” ಎಂದು ಗಿರಿಜಾ ಕಿರುಚಿದಳು. ಕರಡಿಯನ್ನು ನೋಡಲೆಂದೇ ಹೇಳುತ್ತಿದ್ದಾಳೆಂದು ಭಾವಿಸಿ, ಮತ್ತಷ್ಟು ಬಿಗಿದೆ.

ಕೆಲವು ವಾರಗಳ ಮೇಲೆ ಪ್ರವಾಸಿಗರೊಬ್ಬರು ಫೋಟೊ ಕಳಿಸಿದರು: ಅಗಲವಾಗಿ ರೆಕ್ಕೆ ಬಿಚ್ಚಿದ ಹುಲ್ಲುಗಾವಲ ಹದ್ದು; ಅದರ ಕೆಳಗೆ ಸೆರಗು ಹಿಡಿದು ಮುಖ ಕಿವುಚಿಕೊಂಡ ನಾನು. ಹದ್ದು ಗುಡೇಕೋಟೆಗೆ ಬರುವುದು ಇನ್ನು ನಿರ್ವಿವಾದ. ನಾನು ಅದನ್ನು ಕಂಡೆನೆನ್ನಲು ಯಾವ ಆಧಾರವೂ ಇಲ್ಲ. ಅದು ನನ್ನನ್ನು ಕಂಡಿತೆನ್ನಲು ಮಾತ್ರ ಬಲವಾದ ಆಧಾರವಿದೆ: ಕೊಕ್ಕು ತಗ್ಗಿಸಿ, ನೇರವಾಗಿ ನನ್ನನ್ನೇ ನೋಡುತ್ತಿದೆ. ತಾರೀಖು ಸಹಿತ.