ಮೂರು ಮೇಣದಬತ್ತಿಗಳ ಪ್ರಶ್ನೆ

ಕೇಳಿದವರಿಗೆಲ್ಲ ಕಾರಣ ಹೇಳುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಕೇಳದವರಿಗೂ ಹೇಳುತ್ತೇನೆ. ಹಾಲು ಏಕೆ ಉಕ್ಕಿತು, ಉಪ್ಪಿನಕಾಯಿಗೆ ಏಕೆ ಬೂಷ್ಟು ಬಂತು, ಮಳೆಗಾಲದಲ್ಲಿ ಬಚ್ಚಲುಮನೆಯ ಬಾಗಿಲು ಏಕೆ ಹಿಡಿದುಕೊಳ್ಳುತ್ತದೆ, ಎಲ್ಲಕ್ಕೂ ನನ್ನಲ್ಲಿ ಕಾರಣ ಸಿದ್ಧವಿರುತ್ತದೆ. ದೆಹಲಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನಿಗೆ ಅಷ್ಟು ಹಕ್ಕಾದರೂ ಇರಬೇಡವೇ? ಆದರೆ ನನ್ನ ಹೆಂಡತಿ ಸುಧಾ, ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಏನು ಕೆಟ್ಟರೂ ನನ್ನನ್ನು ಕರೆಯುವುದಿಲ್ಲ. "ನಿಮಗೆ ಕಾರಣ ಗೊತ್ತಿರುತ್ತೆ, ಭಯ್ಯಾಗೆ ರಿಪೇರಿ ಗೊತ್ತಿರುತ್ತೆ" ಎಂದು ಮಾರ್ಕೆಟ್ಟಿನ ಮೆಕ್ಯಾನಿಕ್‌ನನ್ನೇ ಕರೆಯುತ್ತಾಳೆ.

ಹೀಗೆ ಮನೆಯಲ್ಲಿ ಕೇಳುವವರಿಲ್ಲದ ನನಗೆ ಒಮ್ಮೆಲೇ ಕರ್ನಾಟಕದ ಸಾವಿರಾರು ಮಕ್ಕಳು ಕೇಳುಗರಾಗಿ ಸಿಕ್ಕರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮಕ್ಕಳಿಗಾಗಿ ವಾರಕ್ಕೊಮ್ಮೆ ಬರುವ ವಿಜ್ಞಾನದ ರೇಡಿಯೋ ಕಾರ್ಯಕ್ರಮವೊಂದು ಹಿಂದಿಯಲ್ಲಿ ಬಲು ಜನಪ್ರಿಯವಾಗಿ, ಬೇರೆ ಭಾಷೆಗಳಲ್ಲೂ ತಯಾರಾಗತೊಡಗಿತು. ಅದರ ಕನ್ನಡ ಸ್ಕ್ರಿಪ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾರ್ಯಕ್ರಮದ ನಿರ್ಮಾಪಕಿ ಮೀರಾ ಚೌಧರಿ. ಕನ್ನಡದಲ್ಲಿ ಆಕೆಗೆ 'ನಮಸ್ಕಾರ' ಬಿಟ್ಟರೆ ಇನ್ನೊಂದು ಪದ ಗೊತ್ತಿರಲಿಲ್ಲ. ಕಾರ್ಯಕ್ರಮದಲ್ಲಿ ಮಕ್ಕಳೊಡನೆ ಹರಟುವ 'ವಿಜ್ಞಾನ ಮಾಮ'ನಿಗೆ ದನಿ ಕೊಡುತ್ತಿದ್ದವನು ಇಮ್ತಿಯಾಜ್. ಹುಬ್ಬಳ್ಳಿಯವನು, ನೋಯ್ಡಾದ ಕಂಪನಿಯೊಂದರಲ್ಲಿ ಕಂಪ್ಯೂಟರ್ ಎಂಜಿನಿಯರ್. ವಯಸ್ಸು ಇಪ್ಪತ್ತಾರಾದರೂ ಮೈಕಿನ ಮುಂದೆ ಕುಳಿತರೆ ಐವತ್ತರ ಗಾಂಭೀರ್ಯ ಬರುತ್ತಿತ್ತು.

ನಮ್ಮ ಸ್ಟುಡಿಯೋ ಇದ್ದದ್ದು ಓಖ್ಲಾದಲ್ಲಿ, ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ಮೊದಲನೇ ಮಹಡಿಯಲ್ಲಿ ವಿದೇಶಕ್ಕೆ ಅಂಗಿ ಹೊಲಿಯುವ ಕಾರ್ಖಾನೆ. ನಲವತ್ತು ಹೊಲಿಗೆ ಯಂತ್ರಗಳು ಒಟ್ಟಿಗೆ ಓಡಿದರೆ ನಮ್ಮ ನೆಲವೆಲ್ಲ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಗೋಡೆಗೆ ಎಷ್ಟು ಹಾಸಿಗೆ ಹೊಡೆದರೂ ಪ್ರಯೋಜನವಾಗಲಿಲ್ಲ. ಹಾಗಾಗಿ ನಮ್ಮ ಧ್ವನಿಮುದ್ರಣವೆಲ್ಲ ಕೆಳಗಿನವರು ಊಟಕ್ಕೆ ಏಳುವ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಶನಿವಾರ ಒಂದು ಗಂಟೆಗೆ ಯಂತ್ರಗಳು ನಿಲ್ಲುತ್ತಲೇ ಮೀರಾ "ಚಲೋ" ಎನ್ನುತ್ತಿದ್ದಳು. ಸೂರ್ಯಗ್ರಹಣವಿರಲಿ, ಡೈನೋಸಾರ್ ಇರಲಿ, ಒಂದೂವರೆಗೆ ಮುಗಿಯಲೇಬೇಕು.

ಒಂದು ಸಂಚಿಕೆಯಲ್ಲಿ ಸರಳ ಪ್ರಯೋಗವೊಂದಿತ್ತು. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿಟ್ಟು, ಗಾಜಿನ ಲೋಟ ಕವುಚಿ ಹಾಕುವುದು. ಬತ್ತಿ ಆರುತ್ತದೆ, ನೀರು ಲೋಟದೊಳಕ್ಕೆ ಏರುತ್ತದೆ. ಹಿಂದಿ ಮೂಲದಲ್ಲಿ ಇಷ್ಟೇ ಹೇಳಿ, "ಏಕಿರಬಹುದು? ಯೋಚಿಸಿ ನಮಗೆ ಬರೆಯಿರಿ" ಎಂದು ಬಿಟ್ಟಿದ್ದರು. ನನ್ನ ಚಟ ಕೇಳಬೇಕಲ್ಲ. ನಮ್ಮ ಮಕ್ಕಳನ್ನು ಹೀಗೆ ನಡುನೀರಿನಲ್ಲಿ ಬಿಡುವುದೇ ಎಂದುಕೊಂಡು ಕಾರಣವನ್ನೂ ಸೇರಿಸಿದೆ. ಗಾಳಿಯಲ್ಲಿ ಐದನೇ ಒಂದು ಪಾಲು ಆಮ್ಲಜನಕ. ಉರಿ ಅದನ್ನು ತಿಂದುಬಿಡುತ್ತದೆ. ಖಾಲಿಯಾದ ಜಾಗಕ್ಕೆ ನೀರು ಏರುತ್ತದೆ. ನಾನು ಶಾಲೆಯಲ್ಲಿ ಓದಿದ್ದೇ ಅದು. ಇಮ್ತಿಯಾಜ್ ಅದನ್ನು ವೇದವಾಕ್ಯದಂತೆ ಓದಿದ.

ಪ್ರಸಾರವಾಗಿ ಮೂರು ವಾರಕ್ಕೆ ಪತ್ರಗಳ ಚೀಲ ಬಂತು. ಪತ್ರ ಬಂದ ದಿನ ನಮಗೆ ಹಬ್ಬ. ನಾನು ಒಂದೊಂದನ್ನೇ ಬಿಡಿಸಿ ಓದಿ ಮೀರಾಗೆ ಹಿಂದಿಯಲ್ಲಿ ಹೇಳುವುದು, ಆಕೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ರಾಯಚೂರಿನ ಕಡೆಯ ಒಂದು ಶಾಲೆಯ ಏಳನೇ ತರಗತಿಯ ಶಾಂತಾ ಎಂಬ ಹುಡುಗಿಯ ಪತ್ರ ಬಂತು. ಅದರ ಜೊತೆ ಕೆಂಪು ದಾರದ ಎರಡು ತುಂಡು, ಒಂದು ಗಿಡ್ಡ, ಒಂದು ಉದ್ದ.

"ಮಾಮಾ, ಒಂದು ಬತ್ತಿ ಇಟ್ಟಾಗ ನೀರು ಸಣ್ಣ ದಾರದಷ್ಟು ಏರಿತು. ಅದೇ ಲೋಟಕ್ಕೆ ಮೂರು ಬತ್ತಿ ಇಟ್ಟಾಗ ದೊಡ್ಡ ದಾರದಷ್ಟು ಏರಿತು. ಬತ್ತಿ ಹೆಚ್ಚಾದರೆ ಲೋಟದಲ್ಲಿ ಆಮ್ಲಜನಕವೂ ಹೆಚ್ಚಾಗುತ್ತದೆಯೇ? ಇನ್ನೊಂದು, ಬತ್ತಿ ಉರಿಯುವಾಗ ನೀರು ಸುಮ್ಮನಿತ್ತು. ಆರಿದ ಮೇಲೆ ಏರಿತು. ತಿನ್ನುವಾಗ ಖಾಲಿಯಾಗದೆ, ಊಟ ಮುಗಿದ ಮೇಲೆ ಖಾಲಿಯಾಗುತ್ತದೆಯೇ?"

ಎರಡು ಸಲ ಓದಿದೆ. ಕಿವಿ ಬಿಸಿಯಾಯಿತು. "ಕ್ಯಾ ಲಿಖಾ ಹೈ?" ಎಂದಳು ಮೀರಾ.

"ಕಾರ್ಯಕ್ರಮ ತುಂಬ ಹಿಡಿಸಿತಂತೆ" ಎಂದು ಹಿಂದಿಯಲ್ಲಿ ಹೇಳಿ ಪತ್ರವನ್ನು ಜೇಬಿಗೆ ಹಾಕಿಕೊಂಡೆ. ಮೀರಾ ಬರೆದುಕೊಂಡಳು. ಪಕ್ಕದಲ್ಲೇ ಕುಳಿತು ನನ್ನ ಭುಜದ ಮೇಲಿನಿಂದ ಓದುತ್ತಿದ್ದ ಇಮ್ತಿಯಾಜ್ ಮೆಟ್ಟಿಲಿಳಿಯುವಾಗ ಮೆಲ್ಲಗೆ ಕೇಳಿದ: "ಸರ್, ಆ ಹುಡುಗಿ ಬರದದ್ದು ಅಷ್ಟೇ ಏನ್ರಿ?"

"ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿ ಹೇಳೋಣ ಅಂತ."

"ಮದಲ ಮಾಡಿದ್ದಿಲ್ಲೇನ್ರಿ?"

ಮಾಡಿರಲಿಲ್ಲ. ಪಿಎಚ್‌ಡಿ ಮಾಡಿದವನು ಮೇಣದಬತ್ತಿ ಹಚ್ಚಿ ಕೂರುತ್ತಾನೆಯೇ?

ಮರುದಿನ ಭಾನುವಾರ ಬೆಳಿಗ್ಗೆ ಕೂತೆ. ಹುಡುಗಿಯ ಬತ್ತಿಯಲ್ಲೋ ಲೋಟದಲ್ಲೋ ದೋಷವಿರುತ್ತದೆ, ಅದನ್ನು ಹಿಡಿಯಬೇಕೆಂಬ ಆಸೆ. ಒಂಬತ್ತು ವರ್ಷದ ಮಗಳು ನೇಹಾ ಸಹಾಯಕ್ಕೆ ಬಂದಳು. ಅವಳದು ದೆಹಲಿಯ ಕನ್ನಡ. ವಾಕ್ಯ ಬಸವನಗುಡಿಯಲ್ಲಿ ಹೊರಟು ಕರೋಲ್ ಬಾಗ್‌ನಲ್ಲಿ ಇಳಿಯುತ್ತದೆ. ಒಂದು ಬತ್ತಿ ಇಟ್ಟೆವು. ನೀರು ಒಂದು ಬೆರಳು ಏರಿತು. ಮೂರು ಇಟ್ಟೆವು. ಸರಸರನೆ ಎರಡೂವರೆ ಬೆರಳು. ಲೋಟ ಬದಲಾಯಿಸಿದೆ, ತಟ್ಟೆ ಬದಲಾಯಿಸಿದೆ, ಕರೆಂಟು ಹೋದರೆ ಬೇಕೆಂದು ಸುಧಾ ಇಟ್ಟಿದ್ದ ಮೇಣದಬತ್ತಿಗಳನ್ನೂ ಬಳಸಿದೆ. ಪ್ರತಿ ಸಲವೂ ಶಾಂತಾ ಗೆದ್ದಳು.

ಆಗ ನೇಹಾ ತಟ್ಟೆಗೆ ಮೂಗು ತಾಗಿಸಿಕೊಂಡು, "ಅಪ್ಪಾ, ದೇಖೋ, ಲೋಟ ಇಡೋವಾಗ ಸೈಡ್‌ನಿಂದ ಬಬಲ್ಸ್ ಆಚೆ ಬರ್ತಾ ಇದೆ" ಎಂದಳು.

ಇನ್ನೊಮ್ಮೆ ಇಟ್ಟೆ. ಹೌದು, ಲೋಟದ ಅಂಚಿನಿಂದ ಗುಳ್ಳೆಗಳು ಪುಳುಪುಳು ಹೊರಬೀಳುತ್ತಿದ್ದವು. ಅಂದರೆ ಉರಿಯ ಬಿಸಿಗೆ ಗಾಳಿ ಹಿಗ್ಗಿ ಹೊರಗೆ ಓಡುತ್ತಿದೆ. ಬತ್ತಿ ಆರುತ್ತಲೇ ಒಳಗೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ನೀರು ನುಗ್ಗುತ್ತದೆ. ಮೂರು ಬತ್ತಿಗೆ ಬಿಸಿ ಹೆಚ್ಚು, ಓಡಿಹೋಗುವ ಗಾಳಿ ಹೆಚ್ಚು, ಏರುವ ನೀರು ಹೆಚ್ಚು. ಅದಕ್ಕೇ ನೀರು ಏರುವುದು ಆರಿದ ಮೇಲೆ. ನನ್ನ ಐದನೇ ಒಂದು ಪಾಲು ಬರೀ ಕಾಕತಾಳೀಯ. ಇಪ್ಪತ್ತು ವರ್ಷ ಪಾಠ ಮಾಡಿದ್ದರಲ್ಲಿ ಎಂದೂ ಆಗದ ರೋಮಾಂಚನ ಆ ಅಡುಗೆಮನೆಯಲ್ಲಿ ಆಯಿತು. ತಪ್ಪು ಹೇಳಿದ್ದಕ್ಕೆ ನಾಚಬೇಕಾದವನು ನೇಹಾಳನ್ನು ಎತ್ತಿಕೊಂಡು ಕುಣಿದೆ. ಬಾಗಿಲಲ್ಲಿ ನಿಂತಿದ್ದ ಸುಧಾ ಮೇಣ ಮೆತ್ತಿದ ತನ್ನ ಒಂಬತ್ತು ತಟ್ಟೆಗಳನ್ನು ನೋಡಿ, "ಇದನ್ನು ತೊಳೆಯೋದು ಹೇಗೆ ಅನ್ನೋದಕ್ಕೂ ಕಾರಣ ಇದೆಯಾ?" ಎಂದಳು. ಬಿಸಿನೀರು ಹಾಕಿದರೆ ಮೇಣ ಕರಗುತ್ತದೆ ಎಂದೆ. ಸರಿ, ಕರಗಿಸಿ ಎಂದು ಹೋದಳು.

ಕುಣಿತ ಇಳಿದ ಮೇಲೆ ಭಯ ಹತ್ತಿತು. ಮೀರಾಗೆ ಕನ್ನಡ ಬಾರದು. ಶಾಂತಾಗೆ ಗುಟ್ಟಾಗಿ ಒಂದು ಪತ್ರ ಬರೆದರೆ ಮುಗಿಯಿತು. ಕೆಲಸವೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಇಮ್ತಿಯಾಜ್‌ಗೆ ಫೋನ್ ಮಾಡಿ ಹೀಗೆಂದೆ. ಅವನು, "ಸರ್, ಆಕಿ ಒಬ್ಬಾಕಿಗೆ ಸರಿ ಗೊತ್ತಾಗ್ತದ. ಉಳಿದವರೆಲ್ಲ ಮಾಮಾ ಹೇಳ್ಯಾನ ಅಂತ ತಪ್ಪನ್ನ ನಂಬ್ಕೊಂಡ ಕೂಡ್ತಾರ. ದನಿ ನಂದೈತ್ರಿ. ನಾ ಮುಂದಿನ ಸಂಚಿಕೆ ಓದಂಗಿಲ್ಲ" ಎಂದ.

ಬೇರೆ ದಾರಿಯಿಲ್ಲದೆ ಶನಿವಾರ ಓಖ್ಲಾದ ಮೆಟ್ಟಿಲು ಹತ್ತಿದೆ. ಮೀರಾಳ ಮುಂದೆ ದಾರದ ತುಂಡುಗಳನ್ನಿಟ್ಟು ಎಲ್ಲವನ್ನೂ ಹೇಳಿದೆ. ನಾನು ಸೇರಿಸಿದ ಕಾರಣ, ಹುಡುಗಿಯ ಪ್ರಶ್ನೆ, ಪತ್ರವನ್ನು ಸುಳ್ಳು ಓದಿದ್ದು, ಎಲ್ಲ. ಆಕೆ ದಾರಗಳನ್ನು ಪಕ್ಕಪಕ್ಕ ಹಿಡಿದು ತುಂಬ ಹೊತ್ತು ನೋಡಿದಳು. ಈಗ ಕೆಲಸ ಹೋಯಿತು ಎಂದುಕೊಂಡೆ.

"ಇದನ್ನು ನನ್ನಿಂದ ಮುಚ್ಚಿಟ್ಟಿರಾ?" ಎಂದಳು ಹಿಂದಿಯಲ್ಲಿ. "ಇಷ್ಟು ವರ್ಷದಲ್ಲಿ ಬಂದ ಅತ್ಯುತ್ತಮ ಪತ್ರ ಇದು. ಇವತ್ತಿನ ಸ್ಕ್ರಿಪ್ಟ್ ಬೇಡ. ಇಮ್ತಿಯಾಜ್ ಪತ್ರ ಓದಲಿ. ತಪ್ಪಿನ ಮಾತು ಮಾತ್ರ ನೀವೇ ಹೇಳಬೇಕು, ನಿಮ್ಮ ದನಿಯಲ್ಲಿ."

ರೇಡಿಯೋದಲ್ಲಿ ನನ್ನ ದನಿ ಬರಬೇಕೆಂಬುದು ನನ್ನ ಹಳೆಯ ಕನಸು. ಅದು ಹೀಗೆ ನನಸಾಗುತ್ತದೆಂದು ಅಂದುಕೊಂಡಿರಲಿಲ್ಲ. ಒಂದು ಗಂಟೆಗೆ ಯಂತ್ರಗಳು ನಿಂತವು. ಇಮ್ತಿಯಾಜ್ ಪತ್ರವನ್ನು ಎಂಥ ಪ್ರೀತಿಯಿಂದ ಓದಿದನೆಂದರೆ ಭಾಷೆ ತಿಳಿಯದ ಮೀರಾ ಕೂಡ ಕಣ್ಣೊರೆಸಿಕೊಂಡಳು. ನನ್ನ ಸರದಿ ಬಂತು. "ಮಕ್ಕಳೇ, ನಾನು ಹೇಳಿದ್ದು" ಎನ್ನುವಷ್ಟರಲ್ಲಿ ಕೆಮ್ಮು. ಎರಡನೆಯ ಸಲ 'ತಪ್ಪು' ಎನ್ನಲು ಹೋಗಿ 'ತುಪ್ಪ' ಎಂದೆ. ಮೂರನೆಯ ಸಲ ವಿಷಯ ಬಿಟ್ಟು ಆಮ್ಲಜನಕದ ಇತಿಹಾಸಕ್ಕೆ ಹೊರಟೆ. ಮೀರಾ ಗಾಜಿನಾಚೆಯಿಂದ ಗಡಿಯಾರ ತೋರಿಸಿದಳು. ಒಂದು ಇಪ್ಪತ್ತೇಳು. ಕೆಳಗೆ ಜನ ಕೈ ತೊಳೆದು ಬರುತ್ತಿರುವ ಸದ್ದು. ಉಸಿರೆಳೆದು ಹೇಳಿದೆ: "ಮಕ್ಕಳೇ, ನಾನು ಹೇಳಿದ್ದು ತಪ್ಪು. ಪ್ರಯೋಗ ಮಾಡದೆ ಹೇಳಿದೆ. ಶಾಂತಾ ಮಾಡಿ ನೋಡಿದಳು. ಅವಳು ಸರಿ." ಬತ್ತಿಯ ನಿಜವಾದ ಕಥೆಯನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿದೆ. ಕೊನೆಯ ಪದದ ಬೆನ್ನಿಗೇ ನಲವತ್ತು ಯಂತ್ರಗಳು ಗುಂಯ್‌ ಎಂದವು.

ಆಮೇಲೆ ಬಂದ ಪತ್ರಗಳಿಗೆ ಒಂದು ಚೀಲ ಸಾಲಲಿಲ್ಲ. ಮಕ್ಕಳೆಲ್ಲ ದಾರ, ಕಡ್ಡಿ, ರಿಬ್ಬನ್ ತುಂಡುಗಳನ್ನು ಕಳಿಸಿದ್ದರು. ಕೆಲವರು ನನ್ನ ಹಳೆಯ ಸಂಚಿಕೆಗಳ ಇನ್ನೂ ಎರಡು ತಪ್ಪು ಹುಡುಕಿದ್ದರು. ಶಾಂತಾಳ ಮೇಷ್ಟರೂ ನೀಟಾದ ಅಕ್ಷರದಲ್ಲಿ ನನಗೇ ಬರೆದಿದ್ದರು: "ಮಾನ್ಯರೇ, ಮಕ್ಕಳು ತಾವಾಗಿ ಯೋಚಿಸಲೆಂದು ತಾವು ಬೇಕೆಂದೇ ತಪ್ಪು ಕಾರಣ ಹೇಳಿ, ನಂತರ ದೊಡ್ಡ ಮನಸ್ಸಿನಿಂದ ಅದನ್ನು ತಮ್ಮ ಮೇಲೆಯೇ ಹಾಕಿಕೊಂಡಿರಿ. ಇಂಥ ಬೋಧನಾ ವಿಧಾನವನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ತಮಗೆ ನಮೋ ನಮಃ."

ಹಾಗಲ್ಲ ಸ್ವಾಮಿ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂದು ಅವರಿಗೆ ಉತ್ತರ ಬರೆಯಬೇಕು. ಖಂಡಿತ ಬರೆಯುತ್ತೇನೆ. ಸದ್ಯಕ್ಕೆ, ಕಾಗದ ಹಾಳಾಗದಿರಲೆಂದು, ಆ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಬಂದವರಿಗೆ ಕಾಣುವ ಹಾಗೆ ಹಾಲ್‌ನ ಗೋಡೆಗೆ ತೂಗುಹಾಕಿದ್ದೇನೆ.