ಭೇಷ್ ಅಂದ ಓಬಣ್ಣ

"ಕಲಿಯಾಕ ಬಂದ ಮತ್ತೊಬ್ಬನ್ನ ಓಡಿಸಿದೇನೋ ಓಬಣ್ಣ! ನಿನ್ನ ಬಾಯಿಗಿಷ್ಟು ಬೆಂಕಿ ಹಾಕ!"

"ಎಣ್ಣಿ ಕಾಯೋಕಿಂತ ಮೊದ್ಲ ಮೆಣಸಿನಕಾಯಿ ಬಿಟ್ರ ಅವನಿಗೆ ಆರತಿ ಎತ್ಲೇನ್ರಿ ಅಕ್ಕಾರ?"

"ಇವತ್ತು ಹುಲುಗಮ್ಮ ಅಂತ ಒಬ್ಬಾಕಿ ಬರ್ತಾಳ. ಕಲಿಸು. ಆಕಿ ನಿಂತ್ರ ನಿನಗ ನಾಳಿ ರಜಾ. ಬೈದು ಓಡಿಸಿದ್ಯೋ, ನಾಳೀನೂ ಒಲಿ ಮುಂದ ನೀನ!"

ಹೀಗೆ ಗದರಿದ ಅನ್ನದಾನಮ್ಮನದು ಕೊಟ್ಟೂರು ಬಸ್ ನಿಲ್ದಾಣದ ಎದುರಿನ ಮಂಡಕ್ಕಿ-ಮಿರ್ಚಿ ಅಂಗಡಿ. ಮಿರ್ಚಿ ಕರಿಯುವುದರಲ್ಲಿ ಓಬಣ್ಣನಿಗೆ ಸಮ ಇಲ್ಲ. ಬೈಯುವುದರಲ್ಲಂತೂ ಇಲ್ಲವೇ ಇಲ್ಲ. ನಾಳೆ ಹಡಗಲಿಯಲ್ಲಿ ಅವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುತ್ತಾರೆ. ಹೋಗದಿದ್ದರೆ ಮಗಳು ಮತ್ತೆ ಮಾತಾಡಿಸುವುದಿಲ್ಲ. ಏನೇ ಆಗಲಿ, ಇವತ್ತು ಬೈಯುವುದಿಲ್ಲ ಎಂದು ಓಬಣ್ಣ ಹಟ ತೊಟ್ಟ.

ಪಕ್ಕದ ಚಹಾದಂಗಡಿ ಮಂಜಣ್ಣ ಉಪಾಯ ಹೇಳಿದ. "ಬಾಯಿ ತುಂಬ ಎಲಿ-ಅಡಿಕಿ ಹಾಕ್ಕೋ. ಆಕಿ ಏನ್ ಮಾಡಿದ್ರೂ ಭೇಷ್ ಅನ್ನು. ದೊಡ್ಡ ಕಂಪನಿಯಾಗೆಲ್ಲ ಹಂಗ ಕಲಿಸ್ತಾರಂತ."

ಕಾನಹೊಸಹಳ್ಳಿ ಬಸ್ಸಿಳಿದು ಬಂದ ಹುಲುಗಮ್ಮ ಸೆರಗು ಸಿಕ್ಕಿಸಿ ಹಿಟ್ಟು ಕಲಸಿದಳು. ಅದು ಮಜ್ಜಿಗೆಯಂತೆ ಹರಿಯಿತು.

"ಹೆಂಗೈತ್ರಿ?"

ಓಬಣ್ಣನ ಮುಖ ಕಾದ ಎಣ್ಣೆಗೆ ಬಿದ್ದ ಬಜ್ಜಿಯಂತೆ ಉಬ್ಬಿತು. "ಭೇಷ್ ಐತ್ರಿ!"

ಮೆಣಸಿನಕಾಯಿಗಳು ಬೆತ್ತಲೆಯಾಗಿ ಎಣ್ಣೆಯಲ್ಲಿ ತೇಲಿದವು. "ಭೇಷ್ ರಿ!" ಉಪ್ಪು ಹಾಕುವುದನ್ನೇ ಮರೆತಳು. "ಬಾಳ ಭೇಷ್!"

ಗಿರಾಕಿಗಳ ಕಣ್ಣಿಗೆ ಬೀಳುವ ಮೊದಲೇ ಕೆಟ್ಟ ಮಿರ್ಚಿಗಳನ್ನು ಒಲೆಯ ಹಿಂದೆ ಕೂತು ತಾನೇ ತಿಂದ. ಮತ್ತೆ ಬಾಯಿಗೆ ಎಲೆ-ಅಡಿಕೆ ತುಂಬಿಕೊಂಡು ಬೇರೆಯವನ್ನು ತಾನೇ ಕರಿದ. ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ಇನ್ನೊಂದು ಒಲೆ.

ಮಂಜಣ್ಣ ಇಣುಕಿದ. "ಅಳಬ್ಯಾಡಲೇ, ಇನ್ನೇನ್ ಸಂಜಿ ಆತು."

ದೀಪ ಹಚ್ಚುವ ಹೊತ್ತಿಗೆ ಬಂದ ಅನ್ನದಾನಮ್ಮ ಹುಲುಗಮ್ಮನನ್ನು ನೋಡಿ ನಕ್ಕಳು. "ಇನ್ನೂ ಅದಾಳ! ಹೋಗಪ್ಪ ಹಡಗಲಿಗಿ."

ಅಷ್ಟರಲ್ಲಿ ಹುಲುಗಮ್ಮ ಕೈ ತೊಳೆದು ಚೀಲ ಎತ್ತಿಕೊಂಡಳು.

"ನಾ ನಾಳಿ ಬರಂಗಿಲ್ರಿ ಅಕ್ಕಾರ. ಓಬಣ್ಣ ಬೈತಾನ, ಆದ್ರ ಖರೇನ ಕೆಲಸ ಕಲಿಸ್ತಾನ ಅಂತ ಕೇಳಿ ಬಂದಿದ್ದೆ. ನಾ ಕೆಡಿಸಿದ್ದನ್ನೆಲ್ಲ ಒಲಿ ಹಿಂದ ಕೂತು ತಿಂದಾನ, ನನಗ ಮಾತ್ರ ಭೇಷ್! ಒಂದರ ತಪ್ಪು ಹೇಳಿದ್ನಾ ಕೇಳ್ರಿ. ಕಲಿಸೋ ಮನಸ್ಸ ಇಲ್ಲ ಆತಗ."

ಹೊರಟೇಬಿಟ್ಟಳು. ಓಬಣ್ಣ ಎಲೆ-ಅಡಿಕೆ ಉಗುಳಿ ಹಿಂದೆ ಓಡಿದ. ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಹೊರಬಂತು.

"ಏ ಹುಚ್ಚಿ! ಅದನ್ನ ಹಿಟ್ಟು ಅಂತಾರೇನು? ಎಮ್ಮಿಗೆ ಇಡೋ ಕಲಗಚ್ಚು! ಉಪ್ಪು ಊರಾಗ ಬಿಟ್ಟು ಬಂದಿದ್ದೇನು? ಒಂದು ಹನಿ ಹಿಟ್ಟು ಬಿಟ್ಟು ನೋಡು, ಮ್ಯಾಲೆ ತೇಲಿ ಬಂದ್ರ ಎಣ್ಣಿ ಕಾದೈತಿ ಅಂತ..."

ಹುಲುಗಮ್ಮ ಹತ್ತಿದ ಕಾನಹೊಸಹಳ್ಳಿ ಬಸ್ಸು ತಿರುವು ದಾಟಿತು.

"ಈಗ ಚಲೋ ಕಲಿಸಿದಿ ನೋಡು," ಎಂದ ಮಂಜಣ್ಣ.

ಹಿಂದೆ ಅನ್ನದಾನಮ್ಮ, ನಾಳೆಯ ಒಲೆಗೂ ನೀನೇ ಎನ್ನುವಂತೆ, ಮಿರ್ಚಿ ಎತ್ತುವ ತೂತಿನ ಸೌಟನ್ನು ಓಬಣ್ಣನತ್ತ ಚಾಚಿ ನಿಂತಿದ್ದಳು. ಹುಲುಗಮ್ಮ ಮತ್ತೆ ಆ ಅಂಗಡಿಯ ಕಡೆ ಬರಲಿಲ್ಲ.