ನೂರೈವತ್ತು ಕಿಲೋಮೀಟರ್ ತುಳಿದ ಮೇಲೆ

ನಲವತ್ತೇಳು ವರ್ಷದ ಹೆಂಗಸು ಸೈಕಲ್ ಹತ್ತಿದರೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ತಿರುವಿಗೊಂದರಂತೆ ಕಾದಿರುತ್ತವೆ. ನಾನು ಮೈಸೂರಿನ ರಾಮಕೃಷ್ಣನಗರದಲ್ಲಿ ಬ್ಲೌಸ್ ಹೊಲಿಯುವವಳು. ಮಂಡಿನೋವಿಗೆಂದು ಶುರುವಾದ ಬೆಳಗಿನ ಸೈಕಲ್ ಸವಾರಿ ಹುಚ್ಚಾಗಿ ಬೆಳೆದು, ಹೋದ ಚಳಿಗಾಲದಲ್ಲಿ ಬಡಾವಣೆಯ ನಾಲ್ವರ ಜೊತೆ ಮೈಸೂರಿನಿಂದ ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರ, ನಂಜನಗೂಡು, ಮತ್ತೆ ಮೈಸೂರು ಅಂತ ಒಂದೇ ದಿನ ನೂರೈವತ್ತು ಕಿಲೋಮೀಟರ್ ತುಳಿದುಬಿಟ್ಟೆ. ಆಮೇಲೆ ನಾನು ಮೊದಲಿನವಳಾಗಿ ಉಳಿಯಲಿಲ್ಲ.

ಬಾಳೆಹಣ್ಣು

ಹೊರಟಾಗ ನನಗೆ ರೆಕ್ಕೆ ಬಂದ ಹಾಗಿತ್ತು. ತಂಪು ಗಾಳಿ, ಖಾಲಿ ರಸ್ತೆ. ಎಲ್ಲರನ್ನೂ ಹಿಂದೆ ಹಾಕಿ, ಗುಂಡ್ಲುಪೇಟೆ ದಾರಿಯಲ್ಲಿ ಮೊದಲು ಸಿಗುವ ನಂಜನಗೂಡು ಮುಟ್ಟಿದೆ. ನಮ್ಮ ಗುಂಪಿನ ಹಿರಿಯರು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ನಿಧಾನ ಮಾಡಿ, ಹಸಿವಾಗುವ ಮೊದಲೇ ಏನಾದರೂ ತಿನ್ನಿ ಅಂತ ಅವರು ಎರಡು ಸಲ ಹೇಳಿದರು. ಪಾಪ, ವಯಸ್ಸಾಯಿತು, ನನ್ನ ಸಮಕ್ಕೆ ಬರಲಾಗುತ್ತಿಲ್ಲ ಅಂದುಕೊಂಡೆ.

ಬೇಗೂರು ದಾಟುವಷ್ಟರಲ್ಲಿ ನನ್ನ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಕಣ್ಣು ಮಂಜಾಗಿ ಏದುಸಿರು ಬಿಡುತ್ತಿದ್ದಾಗ ಮೇಷ್ಟ್ರು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಬಾಳೆಹಣ್ಣು ತಿನ್ನುತ್ತಾ ಪಕ್ಕಕ್ಕೆ ಬಂದರು. ನಿಮಗೆ ಸುಸ್ತೇ ಆಗಲ್ಲವಾ ಸಾರ್ ಅಂತ ಕೇಳಿದೆ.

"ನೀವು ಹೊರಟಿದ್ದು ನಂಜನಗೂಡಿಗೆ ಕಣಮ್ಮ, ನಾನು ಹೊರಟಿರೋದು ವಾಪಸ್ ಮೈಸೂರಿಗೆ," ಅಂದು ನನಗೂ ಒಂದು ಹಣ್ಣು ಕೊಟ್ಟು ಮುಂದೆ ಹೋದರು.

ಮೇಕೆ ಕಾಯುವ ಅಜ್ಜಿ

ತೆರಕಣಾಂಬಿ ದಾಟಿದ ಮೇಲೆ ಎದುರುಗಾಳಿ. ಇಳಿಜಾರಿನಲ್ಲೂ ತುಳಿಯಬೇಕು. ಜೊತೆಯವರು ಮುಂದೆ ಹೋಗಿದ್ದರು. ಒಂದು ಹುಣಸೆ ಮರದ ಕೆಳಗೆ ಸೈಕಲ್ ಒರಗಿಸಿ ಕೂತೆ. ಯಾರಿಗೂ ಕಾಣಲ್ಲವಲ್ಲ ಅಂತ ಸ್ವಲ್ಪ ಅತ್ತೆ ಕೂಡ. ಇಲ್ಲಿಗೆ ಸಾಕು, ಯಾವುದಾದರೂ ಗೂಡ್ಸ್ ಗಾಡಿ ಬಂದರೆ ಹತ್ತಿಬಿಡೋಣ ಅಂತ ನಿಜವಾಗಿಯೂ ತೀರ್ಮಾನ ಮಾಡಿದ್ದೆ.

ಆದರೆ ಕಂಡವರಿದ್ದರು. ಮೇಕೆ ಕಾಯುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು ಎಲ್ಲಿಗೆ ಅಂದರು. ಮೈಸೂರಿಗೆ ಅಂದೆ. ಬಸ್ಸಿಲ್ಲವಾ? ಇದೆ. ಕೈಯಲ್ಲಿ ಕಾಸಿಲ್ಲವಾ? ಅದೂ ಇದೆ. ಮತ್ತೆ ಯಾಕೆ ಈ ಪಾಡು ಅಂದಾಗ ಮೂಗು ಒರೆಸಿಕೊಂಡೆ. ಕೆಂಪಾದ ನನ್ನ ಕಣ್ಣು, ಬೆವರಿದ ಮುಖ ನೋಡಿ ಅಜ್ಜಿಗೆ ಎಲ್ಲ ಅರ್ಥವಾಯಿತು. ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಏಳವ್ವ, ಬಿರ್ನೆ ಹೋಗು. ನಿನ್ ಗಂಡ ಹುಡಿಕ್ಕಂಡು ಬಂದ್ರ, ಈ ಕಡ ಯಾರೂ ಬರ್ಲಿಲ್ಲ ಅಂತೀನಿ."

ನಗು ತಡೆಯಲಾಗದೆ ಎದ್ದವಳು ಚಾಮರಾಜನಗರದವರೆಗೆ ನಿಲ್ಲಲಿಲ್ಲ.

ಹೊಲಿದಿಟ್ಟ ಬ್ಲೌಸ್

ಆ ದಿನ ಕಲಿತದ್ದು ಒಂದೇ. ಉಳಿದ ದೂರ ಲೆಕ್ಕ ಹಾಕಬಾರದು, ಮುಂದಿನ ಮೈಲಿಗಲ್ಲು ನೋಡಬೇಕು. ನನ್ನ ಹೊಲಿಗೆ ಅಂಗಡಿಯಲ್ಲೂ ಇದನ್ನೇ ಮಾಡಿದೆ. ಮೊದಲು ಬಟ್ಟೆಯ ರಾಶಿ ನೋಡಿಯೇ ತಲೆ ಕೆಟ್ಟು ಟೀ ಕುಡಿಯಲು ಏಳುತ್ತಿದ್ದೆ, ಹೇಳಿದ ದಿನಕ್ಕೆ ಯಾವುದೂ ಮುಗಿಯುತ್ತಿರಲಿಲ್ಲ. ಈಗ ಕೈಯಲ್ಲಿರುವ ಬ್ಲೌಸ್ ಬಿಟ್ಟು ಬೇರೆ ಕಣ್ಣಿಗೇ ಬೀಳಲ್ಲ.

ಲಕ್ಷ್ಮೀಪುರಂನ ಒಬ್ಬ ಹಳೇ ಗಿರಾಕಿ ಹೇಳಿದ ದಿನಕ್ಕೆ ಬಂದರು, ಎಂದಿನಂತೆ ಬೈಯಲು ಸಿದ್ಧವಾಗಿ. ಬ್ಲೌಸ್ ತೆಗೆದು ಮುಂದಿಟ್ಟೆ. ಒಳಗೆ ಹೊರಗೆ ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು.

"ಯಾರ ಹತ್ತಿರ ಹೊಲಿಸಿದಿರಿ?" ಅಂದರು.

ಬೆಟ್ಟದಲ್ಲಿ

ಮೊದಲೆಲ್ಲ ಚಾಮುಂಡಿ ಬೆಟ್ಟ ಹತ್ತುವಾಗ ಮೂರು ಸಲ ಇಳಿದು ತಳ್ಳುತ್ತಿದ್ದೆ. ಆ ಸವಾರಿ ಮುಗಿಸಿ ಬಂದ ಮೇಲೆ ಒಂದು ಭಾನುವಾರ, ಕಾಲು ನೆಲಕ್ಕೆ ತಾಗಿಸದೆ ಹತ್ತಿಯೇ ತೀರುತ್ತೇನೆ ಅಂತ ಹೊರಟೆ. ಅವಸರವಿಲ್ಲದೆ, ಉಸಿರು ನೋಡಿಕೊಂಡು ಹತ್ತುತ್ತಿದ್ದೆ.

ಅರ್ಧದಲ್ಲಿ ಹಿಂದಿನಿಂದ ಒಂದು ಆಟೋ ಗುರುಗುಟ್ಟುತ್ತಾ ಬಂತು. ನಮ್ಮ ಯಜಮಾನರದ್ದೇ. ಅದರಲ್ಲಿ ಬೇರೆ ಊರಿನಿಂದ ಬಂದ ಮೂರು ಜನ ದಪ್ಪನೆಯ ಪ್ರವಾಸಿಗಳು. ಆಟೋ ನನ್ನ ಪಕ್ಕದಲ್ಲೇ ತೆವಳುತ್ತಿತ್ತು. ಯಾರು ಈಯಮ್ಮ, ಈ ವಯಸ್ಸಿನಲ್ಲಿ ಹೀಗೆ ಹತ್ತುತ್ತಿದ್ದಾರಲ್ಲ ಅಂತ ಅವರಲ್ಲೊಬ್ಬರು ಕೇಳಿದ್ದು ನನಗೆ ಕೇಳಿಸಿತು. ನಮ್ಮವರು ನೆಟ್ಟಗೆ ರಸ್ತೆ ನೋಡುತ್ತಾ, "ಗೊತ್ತಿಲ್ಲ ಸಾರ್," ಅಂದರು.

ಸಂಕಟವಾಯಿತು. ಆಟೋ ಓಡಿಸುವವನ ಹೆಂಡತಿ ಸೈಕಲ್ ತುಳಿಯುತ್ತಾಳೆ ಅಂತ ಸ್ಟ್ಯಾಂಡಿನಲ್ಲಿ ಅವರನ್ನು ರೇಗಿಸುತ್ತಿದ್ದರು, ನನಗೆ ಗೊತ್ತಿತ್ತು. ಆದರೂ ಗೊತ್ತಿಲ್ಲ ಅನ್ನಬಹುದಾ? ಆ ಸಿಟ್ಟೆಲ್ಲ ಕಾಲಿಗೆ ಇಳಿಯಿತು. ಪ್ರವಾಸಿಗಳು ಫೋಟೋ ತೆಗೆಯಲೆಂದು ಆಟೋ ತಿರುವಿನಲ್ಲಿ ನಿಂತಿತು, ನಾನು ನಿಲ್ಲಲಿಲ್ಲ.

ಆಟೋ ಮೇಲೆ ಬರುವಷ್ಟರಲ್ಲಿ ನಾನು ನೀರು ಕುಡಿಯುತ್ತಾ ನಿಂತಿದ್ದೆ. ಒಂದು ಸಲವೂ ಕಾಲು ಊರಿರಲಿಲ್ಲ. ಪ್ರವಾಸಿಗಳು ನೇರ ನನ್ನ ಹತ್ತಿರ ಬಂದು ಮಾತಿಗೆ ನಿಂತರು. ಒಂದೇ ದಿನ ನೂರೈವತ್ತು ಕಿಲೋಮೀಟರ್ ತುಳಿದಿದ್ದೇನೆ ಅಂದಾಗ, ಒಂದು ಫೋಟೋ ಕೊಡಿ ಅಂದರು. ಅಷ್ಟರಲ್ಲಿ ನಮ್ಮವರು ಖಾಕಿ ಅಂಗಿ ಸರಿಮಾಡಿಕೊಂಡು, ಯಾರೂ ಕರೆಯದಿದ್ದರೂ ಬಂದು ನನ್ನ ಪಕ್ಕದಲ್ಲಿ ನಿಂತು, "ನಮ್ಮ ಮನೆಯವರು ಸಾರ್," ಅಂದರು.

ಆ ಪ್ರವಾಸಿ ಮೊಬೈಲ್ ಇಳಿಸಿ, ದಾರಿಯಲ್ಲಿ ಕೇಳಿದಾಗ ಗೊತ್ತಿಲ್ಲ ಅಂದಿರಲ್ಲ ಅಂದರು.

ನಮ್ಮವರು ಒಂದು ಕ್ಷಣ ನನ್ನ ಮುಖ ನೋಡಿ, ಮೆತ್ತಗೆ ಹೇಳಿದರು: "ಕೆಳಗಡೆ ಗೊತ್ತಿರಲಿಲ್ಲ ಸಾರ್. ಮೇಲೆ ಬಂದ ಮೇಲೆ ಗೊತ್ತಾಯ್ತು."